ಕಾನೂನು ಸುತ್ತಿದ ಒಣಮೀನು

ಹೆರ್ಮೊ: ಕೈ ತೆಗೀರಿ ಆಲಿಂಗ್ ತೋಯಾಂಗ್. ಬೀಗ ಹಾಕ್ಬೇಕು.

ತೋಯಾಂಗ್: ಹಾಕಿ, ಬೇಡ ಅಂದೋರ್ಯಾರು? ನಿಮ್ಮ ಬಾಯಿಗೆ ಹಾಕ್ಕೊಳ್ಳಿ. ನನ್ನಂಗಡಿ ತಂಟೆಗೆ ಬರ್ಬೇಡಿ.

ಹೆರ್ಮೊ: ಇದು ಪುರಸಭೆ ಆಜ್ಞೆ ಕಣ್ರೀ!

ತೋಯಾಂಗ್: ಇದು ನಮ್ಮಮ್ಮ ಕೂತು ಸವೆಸಿದ ಕಟ್ಟೆ ಕಣ್ರೀ!

ಸಾನ್ ತೆಲ್ಮೊ ಬಂದರಿನ ಮೀನು ಮಾರುಕಟ್ಟೆಯ ಬಾಯಲ್ಲೇ ಇತ್ತು ಆ ಒಣಮೀನಿನ ಅಂಗಡಿ. ದೋಣಿ ಇಳಿದವರು ಮೊದಲು ಎಡವುವುದೇ ಅದನ್ನು. ಅಮ್ಮ ತೀರಿಕೊಂಡ ಮೇಲೆ ಅಲ್ಲಿ ಕೂತ ತೋಯಾಂಗ್, ಗಾಳಿಮಳೆಗೂ ಎದ್ದವಳಲ್ಲ, ಇನ್ನು ಹೆರ್ಮೊಗೆ ಏಳುತ್ತಾಳೆಯೇ? ಮುಚ್ಚುವ ಹಲಗೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತುಬಿಟ್ಟಿದ್ದಳು. ಎದುರಿಗೆ ಬೀಗ, ಸರಪಳಿ ಹಿಡಿದು ಬೆವರುತ್ತಿದ್ದವನು ಪುರಸಭೆಯ ಕಾರ್ಯದರ್ಶಿ ಹೆರ್ಮೊ. ವಕೀಲಿ ಪರೀಕ್ಷೆಗೆ ಕೂತು ಕೂತು ಬೆಂಚು ಸವೆಸಿದ್ದೇ ಬಂತು, ಒಮ್ಮೆಯೂ ಪಾಸಾದವನಲ್ಲ. ಆದರೂ ಊರೆಲ್ಲ ಅವನನ್ನು 'ಅಟರ್ನಿ' ಎಂದೇ ಕರೆಯುತ್ತಿತ್ತು. ಮರ್ಯಾದೆಗಲ್ಲ, ಹಾಗೆ ಕರೆದರೆ ಕಾಗದಕ್ಕೆ ಮುದ್ರೆ ಬೇಗ ಬೀಳುತ್ತದೆ ಎಂದು.

ಹೆರ್ಮೊ: ನೋಡಿ, ಕಾನೂನಾಗಿದೆ. ತಿನ್ನೋ ಪದಾರ್ಥಾನ ಅಚ್ಚಾದ ಕಾಗದದಲ್ಲಿ ಕಟ್ಟಿ ಕೊಡೋ ಹಾಗಿಲ್ಲ. ಕಟ್ಟಿದ್ರೆ ಅಂಗಡಿ ಜಾಗ ವಾಪಸ್.

ತೋಯಾಂಗ್: ಮತ್ತೆ ಯಾತರಲ್ಲಿ ಕಟ್ಲಿ? ನನ್ನ ಲಂಗದಲ್ಲಾ?

ಹೆರ್ಮೊ: ಅಚ್ಚಿಲ್ಲದ ಕಂದು ಚೀಲದಲ್ಲಿ.

ತೋಯಾಂಗ್: ಅದನ್ನ ಮಾರೋರು ಯಾರು?

ಹೆರ್ಮೊ: ಅದು... ಯಾರು ಬೇಕಾದ್ರೂ ಮಾರಬಹುದು.

ತೋಯಾಂಗ್: ಯಾರು ಬೇಕಾದ್ರೂ ಅಂದ್ರೆ ಉಪಮೇಯರ್ ನಾದಿನಿ ತಾನೆ? ನನ್ನನ್ನ ಎಬ್ಬಿಸಿದ ಮೇಲೆ ಈ ಮೂಲೇಲಿ ಚೀಲದಂಗಡಿ ಇಡೋಳೂ ಅವಳೇ ತಾನೆ? ನಿನ್ನೆ ಟೇಪು ಹಿಡ್ಕೊಂಡು ಬಂದು ಜಾಗ ಅಳೆದು ಹೋದ್ಲು ಮಹಾರಾಯ್ತಿ. ನಾನಿಲ್ಲಿ ಕೂತಿರೋ ಹಾಗೇ! 'ಸ್ವಲ್ಪ ಕಾಲೆತ್ತಿ' ಅಂದ್ಲು, ಟೇಪು ಹಾಯಿಸೋಕೆ.

ಹೆರ್ಮೊ: ಜನರ ಆರೋಗ್ಯಕ್ಕೆ ಮಾಡಿದ ಕಾನೂನಿಗೆ ಹೀಗೆಲ್ಲ ಬಣ್ಣ ಕಟ್ಬೇಡಿ. ಅಚ್ಚಿನ ಮಸಿ ಹೊಟ್ಟೆಗೆ ಹೋದ್ರೆ ವಿಷ.

ತೋಯಾಂಗ್: ನಲವತ್ತು ವರ್ಷದಿಂದ ನಮ್ಮನೆ ಮೀನು ತಿಂದ ಊರು ಇದು. ವಿಷ ಆಗಿದ್ರೆ ನಿಮಗೆ ಓಟು ಹಾಕೋಕೂ ಒಂದು ಪಿಳ್ಳೆ ಉಳೀತಿರ್ಲಿಲ್ಲ. ಉಳಿದಿದ್ದು ನಮ್ಮ ಗ್ರಹಚಾರ.

ಹೆರ್ಮೊ: ಹಗುರವಾಗಿ ಮಾತಾಡ್ಬೇಡಿ! ಈ ಕಾನೂನು ಬರೆದೋರು ಯಾರು ಅಂದ್ಕೊಂಡ್ರಿ? ಇದೇ ಕೈ. 'ಕೊಟ್ಟವರಷ್ಟೇ ಅಲ್ಲ, ಕೈಯೊಡ್ಡಿ ತೆಗೆದುಕೊಂಡವರೂ ಅಪರಾಧಿಗಳೇ. ತೆಗೆದುಕೊಂಡವರು ಪುರಸಭೆಯ ನೌಕರರಾದರೆ ಆ ಕ್ಷಣವೇ ಅಮಾನತು.' ಆ ಸಾಲು ಓದ್ದಾಗ ಉಪಮೇಯರ್ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಕಾನೂನು ಅಂದ್ರೆ ಒಂದು ಗತ್ತಿರ್ಬೇಕು ಕಣ್ರೀ.

ತೋಯಾಂಗ್: ಗತ್ತು ನಿಮಗಿರ್ಲಿ. ನಿಮ್ಮ ಹೆಂಡ್ತಿ ಬೆಳಿಗ್ಗೆ ಹೇಳಿ ಕಳಿಸಿದ್ರು, ತುಯೊ ಮೀನು ತೆಗೆದಿಡಿ, ನಮ್ಮವರು ಆ ಕಡೆಗೇ ಬರ್ತಾರೆ ಅಂತ. ಬೀಗ ಹಾಕೋ ಮುಂಚೆ ಕೊಡ್ಲಾ, ಹಾಕಿದ ಮೇಲೆ ಸಂದೀಲಿ ತೂರಿಸ್ಲಾ?

ಹೆರ್ಮೊ (ದನಿ ತಗ್ಗಿಸಿ): ಮುಂಚೇನೇ ಕೊಡಿ. ಹೊಟ್ಟೆ ಒಡೆದಿರೋದು ಹಾಕ್ಬೇಡಿ, ಅವಳು ಬೈತಾಳೆ.

ಆಚೀಚೆ ಕಟ್ಟೆಯ ಹೆಂಗಸರು ತಕ್ಕಡಿ ಕೆಳಗಿಟ್ಟು ನಕ್ಕರು. ಹೆರ್ಮೊ ಕೆಮ್ಮಿ ಮತ್ತೆ ಕಾರ್ಯದರ್ಶಿಯಾದ. ತೋಯಾಂಗ್ ನಗಲಿಲ್ಲ. ಇಲ್ಲಿಂದ ಎಬ್ಬಿಸಿದರೆ ಅವಳಿಗೆ ಸಿಗುವುದು ಹಿಂದುಗಡೆಯ ಮೋರಿ ಪಕ್ಕದ ಕಟ್ಟೆ. ಅಲ್ಲಿಗೆ ನೊಣ ಬಿಟ್ಟರೆ ಗಿರಾಕಿ ಬಂದದ್ದಿಲ್ಲ.

ತೋಯಾಂಗ್: ಇದೆಲ್ಲ ಯಾವಾಗ ಆಯ್ತು? ನನಗೊಬ್ರೂ ಹೇಳ್ಲಿಲ್ಲ.

ಹೆರ್ಮೊ: ಮನೆಮನೆಗೆ ಬಂದು ಹೇಳೋಕೆ ಕಾನೂನೇನು ಮದುವೆ ಕರೆಯೋಲೆನಾ? ಸಭೇಲಿ ಕೈಯೆತ್ತಿದ್ರೆ ಮುಗೀಲಿಲ್ಲ. ಪುರಸಭೆ ಬೋರ್ಡಿಗೆ ಅಂಟಿಸ್ಬೇಕು. ಪ್ರಾಂತ್ಯದಲ್ಲಿ ಜನರ ಕೈಗೆ ಹೋಗೋ ಪತ್ರಿಕೇಲಿ ಅಚ್ಚು ಹಾಕಿಸ್ಬೇಕು. ಅಚ್ಚಾಗಿ ಎರಡು ವಾರ ಆದ್ರೆ ಅದು ಕಾನೂನು. ಆಮೇಲೆ ನಂಗೊತ್ತಿರ್ಲಿಲ್ಲ, ನಾ ನೋಡ್ಲಿಲ್ಲ ಅಂದ್ರೆ ಯಾರೂ ಕೇಳಲ್ಲ.

ತೋಯಾಂಗ್: ಬೋರ್ಡಿಗೆ ಅಂಟಿಸಿದ್ರಾ?

ಹೆರ್ಮೊ: ನಾನೇ ಅಂಟಿಸ್ದೆ.

ತೋಯಾಂಗ್: ಬೋರ್ಡೆಲ್ಲಿದೆ ಈಗ? ಅದರ ಮೇಲೆ ಉಪಮೇಯರ್ ಫ್ಲೆಕ್ಸ್ ಕಟ್ಟಿದ್ದೀರಲ್ಲ. 'ಪದವಿ ಪಡೆದ ನಮ್ಮೂರ ಮಕ್ಕಳಿಗೆ ಅಭಿನಂದನೆ!' ಮಕ್ಕಳ ಹೆಸರು ಸಾಸಿವೆಯಷ್ಟು, ಅವನ ಮೋರೆ ಬಾಗಿಲಷ್ಟು.

ಹೆರ್ಮೊ: ಫ್ಲೆಕ್ಸ್ ಎತ್ತಿದ್ರೆ ಕೆಳಗೆ ಕಾನೂನು ಕಾಣುತ್ತೆ.

ತೋಯಾಂಗ್: ಸುಸ್ಮಾರ್ಯೋಸೆಪ್, ದೇವರೇ! ನಾನು ಮೀನು ಮಾರೋಳು ಕಣ್ರೀ. ಉಪಮೇಯರ್ ಗದ್ದ ಎತ್ತಿ ಒಳಗೇನಿದೆ ಅಂತ ಬಗ್ಗಿ ನೋಡೋ ಕರ್ಮ ನನಗ್ಯಾಕೆ?

ಹೆರ್ಮೊ: ಬೋರ್ಡು ಬಿಡಿ. ಪತ್ರಿಕೇಲಿ ಅಚ್ಚಾಗಿದೆಯಲ್ಲ! 'ಕಡಲದನಿ' ವಾರಪತ್ರಿಕೇಲಿ. ಇಡೀ ಪ್ರಾಂತ್ಯ ಓದುತ್ತೆ.

ತೋಯಾಂಗ್: ನಿಮ್ಮನೆಗೆ ಬರುತ್ತಾ?

ಹೆರ್ಮೊ: ನಮ್ಮನೆಗೆ... ನಮಗೆ ಟಿವಿ ಇದೆ.

ತೋಯಾಂಗ್: ಉಪಮೇಯರ್ ಮನೆಗೆ?

ಹೆರ್ಮೊ: ಅವರು ದೊಡ್ಡವರು. ಅವರ್ಯಾಕೆ ಓದ್ತಾರೆ?

ತೋಯಾಂಗ್: ಸರಿ. ಆ ಇಡೀ ಪ್ರಾಂತ್ಯ ಓದಿದ್ದನ್ನ ನನಗೂ ಒಂಚೂರು ತೋರ್ಸಿ.

ಹೆರ್ಮೊ ಕಂಕುಳಲ್ಲಿದ್ದ ಫೈಲು ಬಿಚ್ಚಿ ಒಂದು ಹಾಳೆ ಹಿಡಿದ. ತೋಯಾಂಗ್ ಕೊರಳಿಗೆ ನೇತುಹಾಕಿದ್ದ ಕನ್ನಡಕ ಏರಿಸಿದಳು.

ತೋಯಾಂಗ್: ಇದು ಟೈಪ್ ಮಾಡಿದ್ದು.

ಹೆರ್ಮೊ: ವಿಷಯ ಅದೇ ಅಲ್ವೇನ್ರೀ!

ತೋಯಾಂಗ್: ನಾಳೆ ನಾನೂ ಟೈಪ್ ಮಾಡಿಸ್ತೀನಿ, ಹೆರ್ಮೊ ಬಿಷಪ್ ಆದ್ರು ಅಂತ. ಆಮೇಲೆ ಊರೋರೆಲ್ಲ ಬಂದು ನಿಮ್ಮ ಉಂಗುರಕ್ಕೆ ಮುತ್ತಿಡ್ಬೇಕಾ? ಅಚ್ಚಾದದ್ದು ಎಲ್ಲಿ?

ಹೆರ್ಮೊ: ಬರ್ತಿದೆ. ಪ್ರಾಂತ್ಯದ ಸಭೆಯವರೂ ಅದನ್ನೇ ಕೇಳಿದ್ದಾರೆ. ಮಧ್ಯಾಹ್ನದ ದೋಣಿಗೆ ಕಳಿಸ್ಬೇಕು, ಇಲ್ಲದಿದ್ರೆ ಅಚ್ಚೇ ಆಗಿಲ್ಲ ಅಂತ ಕಾನೂನನ್ನೇ ಎಸೀತಾರೆ. ಅಗೋ, ನಮ್ಮ ಪೊರಿಂಗ್ ತಂದೇಬಿಟ್ಟ!

ತ್ರಿಚಕ್ರದ ಗಾಡಿಯೊಂದು ಕೆಮ್ಮುತ್ತ ಬಂದು ನಿಂತಿತು. ಇಳಿದವನು ಪೊರಿಂಗ್. 'ಕಡಲದನಿ'ಯ ಮಾಲೀಕ, ಸಂಪಾದಕ, ಅಚ್ಚುಮೊಳೆ ತೊಳೆಯುವವನು ಎಲ್ಲ ಅವನೇ. ಹೆರ್ಮೊನ ಮಗನಿಗೆ ಚರ್ಚಿನಲ್ಲಿ ನಾಮಕರಣವಾದಾಗ ಧರ್ಮತಂದೆಯಾಗಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು 'ಪಾರೆ'. ಪುರಸಭೆಯ ಕಾನೂನೆಲ್ಲ ಅವನ ಪತ್ರಿಕೆಗೇ ಹೋಗುವುದಕ್ಕೆ ಇದಕ್ಕಿಂತ ದೊಡ್ಡ ಅರ್ಹತೆಯನ್ನು ಯಾರೂ ಕೇಳಿರಲಿಲ್ಲ. ಇಳಿದವನ ಕೈ ಮಾತ್ರ ಬರಿದಾಗಿತ್ತು.

ಹೆರ್ಮೊ: ಪಾರೆ, ಪತ್ರಿಕೆ?

ಪೊರಿಂಗ್: ಒಂದು ಸಣ್ಣ ತೊಂದರೆ ಆಯ್ತು ಪಾರೆ.

ಹೆರ್ಮೊ: ಅಚ್ಚು ಹಾಕಿದ್ಯೋ ಇಲ್ವೋ?

ಪೊರಿಂಗ್: ದೇವರಾಣೆ ಹಾಕ್ದೆ! ಮೂರನೇ ಪುಟ, ಹುಂಜದ ಮೇವಿನ ಜಾಹೀರಾತಿನ ಪಕ್ಕ.

ಹೆರ್ಮೊ: ಹಾಗಾದ್ರೆ ಒಂದು ಪ್ರತಿ ಕೊಡೋಕೇನು?

ಪೊರಿಂಗ್: ಫೈಲಿಗೆ ಅಂತ ಒಂದು ತೆಗೆದಿಟ್ಟಿದ್ದೆ. ನನ್ನ ಹೆಂಡ್ತಿ ಅದನ್ನ ಹುಂಜದ ಪಂಜರಕ್ಕೆ ಹಾಸ್ಬಿಟ್ಟಿದ್ದಾಳೆ. ತರೋಣ ಅಂತ ನೋಡ್ದೆ. ಆದ್ರೆ ಅದರ ಮೇಲೆ ಹುಂಜ ಆಗ್ಲೇ ತನ್ನ ಅಭಿಪ್ರಾಯ ತಿಳಿಸಿತ್ತು.

ಹೆರ್ಮೊ: ಥೂ! ಉಳಿದ ಪ್ರತಿಗಳು? ಚಂದಾದಾರರಿಗೆ ಹೋದದ್ದು?

ಪೊರಿಂಗ್: ಯಾವ ಚಂದಾದಾರರು?

ಹೆರ್ಮೊ: ಇಡೀ ಪ್ರಾಂತ್ಯ ಓದುತ್ತೆ ಅಂತ ಪ್ರಮಾಣಪತ್ರ ಬರೆದುಕೊಟ್ಟೆಯಲ್ಲೋ!

ಪೊರಿಂಗ್: ನೀನು ಹೇಳ್ದೆ, ನಾನು ಬರ್ದೆ. ಓದ್ತಾರಾ ಅಂತ ನೀನು ಕೇಳಿದ್ಯಾ? ಅಚ್ಚಾಗುತ್ತಾ ಅಂದೆ ನೀನು, ಆಗುತ್ತೆ ಅಂದೆ ನಾನು. ನಿಮ್ಮ ಸಭೆ ಕಾನೂನು ಯಾರಾದ್ರೂ ಓದ್ಲಿ ಅಂತ ಮಾಡ್ತೀರಾ? ಓದೋರು ಸಿಕ್ಕಿದ್ರೆ ನಿಮಗೇ ತೊಂದ್ರೆ.

ಹೆರ್ಮೊ: ಮತ್ತೆ ಅಚ್ಚಾದ ಕಟ್ಟುಗಳು ಎಲ್ಲಿಗೆ ಹೋಗುತ್ವೆ?

ಪೊರಿಂಗ್ ಮೂತಿ ಮುಂದೆ ಮಾಡಿ ತುಟಿಯಿಂದಲೇ ತೋರಿಸಿದ. ತುಟಿ ತೋರಿಸಿದ ಕಡೆ ತೋಯಾಂಗ್ ಇದ್ದಳು, ಅವಳ ಮಗ್ಗುಲಲ್ಲಿ ಹಗ್ಗ ಕಟ್ಟಿದ ಪತ್ರಿಕೆಯ ಕಟ್ಟು ಇತ್ತು.

ತೋಯಾಂಗ್: ಹೂಂ, ಇಲ್ಲಿಗೇ. ಪ್ರತಿ ಗುರುವಾರ, ಪ್ರೆಸ್ಸಿಂದ ಸೀದಾ. ಕೆಲವು ಸಲ ಮಸಿ ಕೂಡ ಆರಿರಲ್ಲ, ಮೀನಿನ ಮೇಲೆ ಸತ್ತವರ ಫೋಟೋ ಮೂಡಿಬಿಡುತ್ತೆ.

ಹೆರ್ಮೊ: ಪೂರ್ತಿನಾ?

ಪೊರಿಂಗ್: ಪೂರ್ತಿ ಅಂದ್ರೆ... ಹುಂಜದ್ದು ಬಿಟ್ಟು.

ಹೆರ್ಮೊ: ನಿನ್ನ ಮನೆ ಹಾಳಾಗ! ಈ ವರ್ಷದಿಂದ ಕೆಲಸ ಬೇರೆ ಪತ್ರಿಕೆಗೆ ಕೊಡ್ತೀನಿ. ಪಾರೆಯಂತೆ, ಪಾರೆ!

ಪೊರಿಂಗ್: ಕೊಡು, ಕೊಡು. ನಿನ್ನ ಮಗನ ಕ್ರಿಸ್‌ಮಸ್ ಉಡುಗೊರೇನೂ ಆ ಪತ್ರಿಕೆಯವನೇ ಕೊಡ್ಲಿ.

ಹೆರ್ಮೊ ಬಂದರಿನ ಕಡೆ ನೋಡಿದ. ಮಧ್ಯಾಹ್ನದ ದೋಣಿಗೆ ಸಾಮಾನು ಏರಿಸುತ್ತಿದ್ದರು. ಉಪಮೇಯರ್ ಬಾಯಿಂದ ಏನೇನು ಕೇಳಬೇಕಾದೀತೆಂದು ನೆನೆದೇ ಅವನ ಮುಖ ಬಿಳಿಚಿತು. ಬೀಗ, ಸರಪಳಿ ಮೆಲ್ಲಗೆ ಬೆನ್ನ ಹಿಂದೆ ಹೋದವು. ಇಷ್ಟು ಹೊತ್ತು 'ಆಲಿಂಗ್', ಅಂದರೆ 'ಅಮ್ಮನವರೇ', ಎಂದು ಬಿಗಿಯಾಗಿ ಕರೆಯುತ್ತಿದ್ದವನ ಬಾಯಲ್ಲಿ ಈಗ 'ಆತೆ' ಬಂತು. ಒಡಹುಟ್ಟಿದ ಅಕ್ಕನನ್ನು ಕರೆದಂತೆ.

ಹೆರ್ಮೊ: ಆತೆ ತೋಯಾಂಗ್... ಆ ಸಂಚಿಕೆ ಏನಾದ್ರೂ ಉಳಿದಿದ್ಯಾ ನೋಡ್ತೀರಾ?

ತೋಯಾಂಗ್: ಓಹೋ, ಈಗ ಆತೆ! ನಾನು ಅಪರಾಧಿ ಆಗಿದ್ನಲ್ಲ, ಅಕ್ಕ ಯಾವಾಗ ಆದೆ?

ಹೆರ್ಮೊ: ದಯವಿಟ್ಟು.

ತೋಯಾಂಗ್: ನೋಡ್ರಮ್ಮ, ಎಲ್ರೂ ನೋಡಿ! ಪುರಸಭೇಲಿ ಕಾನೂನಿಲ್ಲ, ಪ್ರೆಸ್ಸಲ್ಲಿ ಕಾನೂನಿಲ್ಲ, ಬೋರ್ಡಲ್ಲಿ ಉಪಮೇಯರ್ ಹಲ್ಲು. ಸಾನ್ ತೆಲ್ಮೊದ ಕಾನೂನು ಬೇಕಾದ್ರೆ ಒಣಮೀನಿನ ಅಂಗಡಿಗೆ ಬರ್ಬೇಕಂತೆ.

ಹಂಗಿಸಿದಳೇ ಹೊರತು ಹುಡುಕದೇ ಇರಲಿಲ್ಲ. ತನ್ನನ್ನು ಎಬ್ಬಿಸುವ ಕಾನೂನು ಹೇಗಿದೆಯೋ ಎಂದು ಅವಳಿಗೂ ನೋಡಬೇಕಿತ್ತು. ತಕ್ಕಡಿಯ ಅಡಿಯಿಂದ ಬಿಡಿ ಹಾಳೆಗಳನ್ನು ಎಳೆದು ಒಂದೊಂದೇ ಮಗುಚಿದಳು. ಕೊನೆಯ ಹಾಳೆಗೆ ಬಂದಾಗ ಕೈ ನಿಂತಿತು. ಒಂದು ಮೂಲೆಯಲ್ಲಿ ಎದೆಯುಬ್ಬಿಸಿದ ಹುಂಜ, ಇನ್ನೊಂದು ಮೂಲೆಯಲ್ಲಿ ಯಾರದೋ ವರ್ಷಾಬ್ದಿಕ, ನಡುವೆ ಗುಬ್ಬಿ ಕಾಲಿನಂಥ ಅಕ್ಷರಗಳಲ್ಲಿ ಸಾನ್ ತೆಲ್ಮೊ ಪುರಸಭೆಯ ಕಾನೂನು.

ತೋಯಾಂಗ್: ಇದೇನಾ? ಇದಕ್ಕಿಂತ ಹುಂಜ ದೊಡ್ಡದಾಗಿದೆಯಲ್ರೀ.

ಪೊರಿಂಗ್: ಹುಂಜದವರು ದೊಡ್ಡ ಜಾಗ ಕೇಳಿದ್ರು.

ಹೆರ್ಮೊ: ಇದೇ! ಇದೇ! ಅಚ್ಚಾಗಿದೆ! ಬೇರೆ ಇನ್ನೊಂದು ಇದ್ಯಾ?

ತೋಯಾಂಗ್: ಎಲ್ಲಿಂದ ಬರುತ್ತೆ? ಈ ಸಂಚಿಕೆದು ಇದೊಂದೇ ಉಳಿದಿದ್ದು. ಮಿಕ್ಕಿದ್ದೆಲ್ಲ ಮೀನಿನ ಜೊತೆ ಊರಿಗೆ ಹೋಯ್ತು.

ಹೆರ್ಮೊ ತಟ್ಟನೆ ತಲೆಯೆತ್ತಿದ. ಅವನ ಮುಖಕ್ಕೆ ರಕ್ತ ಮರಳಿ ಬಂತು.

ಹೆರ್ಮೊ: ಊರಿಗೆ ಹೋಯ್ತು ಅಂದ್ರಾ?

ತೋಯಾಂಗ್: ಹೋಗ್ದೆ? ದ್ವೀಪದವರೂ ಕೊಂಡೊಯ್ದ್ರು, ಬೆಟ್ಟದ ಮೇಲಿನೋರೂ ಒಯ್ದ್ರು. ಪಾದ್ರಿಗಳ ಅಡುಗೆಯವಳೂ ಒಯ್ದ್ಲು.

ಹೆರ್ಮೊ: ಕೇಳಿದ್ಯಾ ಪಾರೆ? ಕೇಳಿದ್ಯಾ? ಪ್ರಾಂತ್ಯದ ಮೂಲೆಮೂಲೆಗೂ ಕಾನೂನು ತಲುಪಿದೆ! ಜನರ ಅಡುಗೆಮನೇಗೇ ತಲುಪಿದೆ!

ಪೊರಿಂಗ್: ಹೌದಲ್ಲ! ಇಷ್ಟು ಮನೆಗೆ ಹೋಗೋ ಪತ್ರಿಕೆ ಪ್ರಾಂತ್ಯದಲ್ಲಿ ಇನ್ನೊಂದು ಯಾವುದಿದೆ ತೋರ್ಸು! ನಾನು ಬರೆದುಕೊಟ್ಟ ಪ್ರಮಾಣಪತ್ರ ಸುಳ್ಳಾ?

ಹೆರ್ಮೊ: ಮತ್ತೆ ತಲುಪಿಸಿದ್ಯಾರು? ಈಯಮ್ಮನೇ! ಆಲಿಂಗ್ ತೋಯಾಂಗ್, ಗೊತ್ತಿರ್ಲಿಲ್ಲ ಅನ್ನೋಕೆ ನಿಮಗೆ ಬಾಯೇ ಇಲ್ಲ. ಕಾನೂನು ನಿಮ್ಮ ಕೈಯಿಂದಾನೇ ಹೋಗಿದೆ.

ತೋಯಾಂಗ್: ನಿಮ್ಮ ಕಾನೂನನ್ನ ಮನೆಮನೆಗೆ ಮುಟ್ಟಿಸಿದೋಳು ನಾನು. ಮುಟ್ಟಿಸಿದ್ದಕ್ಕೇ ಬೀಗಾನಾ? ಇದ್ಯಾವ ನ್ಯಾಯಾರೀ?

ಹೆರ್ಮೊ: ನ್ಯಾಯದ ಮಾತು ನನಗ್ಯಾಕೆ, ನಾನು ಕಾನೂನಿನವನು. ಕೊಡಿ ಆ ಹಾಳೆ.

ಬೀಗ ಮತ್ತೆ ಮುಂದಕ್ಕೆ ಬಂತು. ಇಬ್ಬರು ಪಾರೆಗಳೂ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುತ್ತಿದ್ದರು. ತೋಯಾಂಗ್‌ಗೆ ಮೈಯೆಲ್ಲ ಉರಿಯಿತು, ಜೊತೆಗೆ ಅಳುವೂ ಬಂತು. ಅಮ್ಮ ಕೂತ ಕಟ್ಟೆ ಹೋಗುತ್ತದೆಯಲ್ಲ, ಅದೂ ತಾನೇ ಸುತ್ತಿ ಕೊಟ್ಟ ಕಾಗದದಿಂದ! ಹಾಳೆಯನ್ನು ಹರಿದು ಚೂರು ಮಾಡಿಬಿಡಲೇ ಎನಿಸಿತು. ಹರಿದರೆ ಕಾನೂನು ಹರಿದಳೆಂದು ಪೊಲೀಸಿನವನನ್ನೇ ಕರೆದಾನು ಈ ಪುಣ್ಯಾತ್ಮ. ಏನು ಮಾಡಲಿ ಎಂದು ಕಣ್ಣು ಒರೆಸಿಕೊಳ್ಳುವಾಗ, ಹೆರ್ಮೊನ ಹೆಂಡತಿಗೆಂದು ತೆಗೆದಿಟ್ಟಿದ್ದ ತುಯೊ ಮೀನು ಕಣ್ಣಿಗೆ ಬಿತ್ತು. ಅವನು ಆಗಲೇ ಎದೆಯುಬ್ಬಿಸಿ ಹೇಳಿದ ಆ ಗತ್ತಿನ ಸಾಲೂ ನೆನಪಾಯಿತು.

ತೋಯಾಂಗ್: ತಗೊಳ್ಳಿ ಸ್ವಾಮಿ, ತಗೊಳ್ಳಿ. ನಿಮ್ಮ ಕಾನೂನು ನನಗ್ಯಾಕೆ?

ಹೇಳುತ್ತ ಹೇಳುತ್ತ ಹಾಳೆಯನ್ನು ಹಲಗೆಯ ಮೇಲೆ ಹರಡಿದಳು, ಮೀನು ಸುರಿದಳು, ಮೂಲೆ ಮಡಿಸಿದಳು, ನಾರು ಸುತ್ತಿ ಗಂಟು ಬಿಗಿದಳು. ಪಳಗಿದ ಕೈ, ಹೆರ್ಮೊ ಕಣ್ಣು ಮಿಟುಕಿಸುವಷ್ಟರಲ್ಲಿ ಪೊಟ್ಟಣ ತಯಾರು. ಹಾಳೆ ಎಲ್ಲಿ ಜಾರಿ ಹೋದೀತೋ ಎಂದು ಅವನು ಎರಡೂ ಕೈ ಒಡ್ಡಿ ಅದನ್ನು ಎದೆಗವಚಿಕೊಂಡ. ಕಾಗದದಲ್ಲಿ ಆಗಲೇ ಎಣ್ಣೆ ಹಬ್ಬತೊಡಗಿತ್ತು.

ಹೆರ್ಮೊ: ಅಯ್ಯಯ್ಯೋ, ಮೀನು ಯಾಕ್ರೀ ಕಟ್ಟಿದ್ರಿ! ಬರೀ ಹಾಳೆ ಕೊಡಿ ಅಂದ್ರೆ!

ತೋಯಾಂಗ್: ನಿಮ್ಮ ಹೆಂಡ್ತಿ ಮೀನಲ್ವಾ? ಹೊಟ್ಟೆ ಒಡೆದಿರೋದು ಒಂದೂ ಹಾಕಿಲ್ಲ.

ಹೆರ್ಮೊ: ಇರ್ಲಿ ಬಿಡಿ. ಬಿಚ್ಚಿ ಒರೆಸಿ ಕಳಿಸಿದ್ರಾಯ್ತು.

ತೋಯಾಂಗ್: ಕಳಿಸಿ, ಖಂಡಿತ ಕಳಿಸಿ. ಆ ಹಾಳೆ ಪ್ರಾಂತ್ಯಕ್ಕೆ ಮುಟ್ಟಿದ್ರೆ ಕಾನೂನು ಕಾನೂನೇ. ಅಲ್ಲಾ, ಆ ಗತ್ತಿನ ಸಾಲು ಹೇಗಿತ್ತು? ಕೊಟ್ಟವರಷ್ಟೇ ಅಲ್ಲ...

ಹೆರ್ಮೊ: ...ಕೈಯೊಡ್ಡಿ ತೆಗೆದುಕೊಂಡವರೂ ಅಪ—

ಹೆರ್ಮೊ ಎದೆಗವಚಿದ ಕೈ ನೋಡಿಕೊಂಡ. ಸುತ್ತ ನೋಡಿದ. ಮೀನು ಮಾರುವ ಅಷ್ಟೂ ಹೆಂಗಸರು ಅವನನ್ನೇ ನೋಡುತ್ತಿದ್ದರು.

ಪೊರಿಂಗ್: 'ತೆಗೆದುಕೊಂಡವರು ಪುರಸಭೆಯ ನೌಕರರಾದರೆ ಆ ಕ್ಷಣವೇ ಅಮಾನತು.' ಮೊಳೆ ಜೋಡಿಸಿದೋನು ನಾನೇ ಅಲ್ವಾ, ಬಾಯಿಪಾಠ ಆಗಿದೆ. ಪಾರೆ, ಹಾಗೇ ನಿಂತಿರು, ಒಂದು ಫೋಟೋ.

ಹೆರ್ಮೊ: ಏಯ್, ಫೋನ್ ಒಳಗಿಡೋ!

ಪೊರಿಂಗ್: ಬೇರೆ ಪತ್ರಿಕೆಗೆ ಕೆಲಸ ಕೊಡ್ತೀನಿ ಅಂದ್ಯಲ್ಲ. ನನಗೂ ಒಂದು ವಾರ ಸುದ್ದಿ ಬೇಡ್ವಾ? 'ಹೊಸ ಕಾನೂನಿಗೆ ಮೊದಲ ಬಲಿ, ಬರೆದವರೇ.' ಮೊದಲ ಪುಟ. ಹುಂಜಾನ ಒಳಗೆ ಹಾಕ್ತೀನಿ.

ಹೆರ್ಮೊ: ಪಾರೆ, ನಿನ್ನ ಧರ್ಮಪುತ್ರನ ಮುಖ ನೋಡೋ! ಕೆಲಸ ನಿನಗೇ, ಈ ವರ್ಷಾನೂ ನಿನಗೇ!

ದೋಣಿ ಒಂದು ಸಲ ಕೂಗಿತು. ಹೆರ್ಮೊ ಪೊಟ್ಟಣ ಹಿಡಿದು ದೋಣಿಯ ಕಡೆ ಒಂದು ಹೆಜ್ಜೆ ಇಟ್ಟ, ತಿರುಗಿ ಬಂದ. ಮತ್ತೆ ಹೊರಟ, ಮತ್ತೆ ಬಂದ. ಕಾನೂನು ಉಳಿದರೆ ಕೆಲಸ ಹೋಗುತ್ತದೆ, ಕೆಲಸ ಉಳಿಯಬೇಕಾದರೆ ಕಾನೂನು ಹೋಗಬೇಕು. ಅವನಂಥವನಿಗೆ ಅದು ಬಹಳ ಹೊತ್ತು ಯೋಚಿಸುವ ವಿಷಯವಲ್ಲ. ದೋಣಿ ಕಟ್ಟು ಬಿಚ್ಚಿ ಹೊರಟಾಗ ಬೀಗ ಹಲಗೆಯ ಮೇಲಿತ್ತು, ಪೊಟ್ಟಣವೂ ಅದರ ಪಕ್ಕದಲ್ಲಿತ್ತು.

ಹೆರ್ಮೊ: ಅಚ್ಚಾದ ಪ್ರತಿ ಸಿಗ್ಲಿಲ್ಲ ಅಂತ ಬರೀತೀನಿ. ಆದ್ರೆ ಗೆದ್ದೆ ಅಂದ್ಕೋಬೇಡಿ. ಮುಂದಿನ ವಾರ ಮತ್ತೆ ಅಚ್ಚು ಹಾಕಿಸ್ತೀನಿ.

ತೋಯಾಂಗ್: ಹಾಕ್ಸಿ. ಗುರುವಾರ ಕಟ್ಟು ಇಲ್ಲಿಗೇ ಬರೋದು. ಅಷ್ಟರಲ್ಲಿ ಈ ಕಟ್ಟೂ ಮುಗಿದಿರುತ್ತೆ.

ಹೆರ್ಮೊ: ...ಇದನ್ನ ಬಿಚ್ಚಿ. ಮೀನು ಬೇರೆ ಕಾಗದದಲ್ಲಿ ಕಟ್ಟಿಕೊಡಿ. ಕಾನೂನು ಬರೆದಿರೋದರಲ್ಲಿ ಮನೆಗೆ ಒಯ್ಯೋದು ಬೇಡ.

ತೋಯಾಂಗ್: ಕಟ್ಬಹುದಾ? ತಪ್ಪಲ್ವಾ?

ಹೆರ್ಮೊ: ಕಾನೂನೇ ಇಲ್ಲವಲ್ರೀ ಈಗ!

ತೋಯಾಂಗ್ ಪೊಟ್ಟಣ ಬಿಚ್ಚಿ, ಎಣ್ಣೆ ಕುಡಿದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತಾನು ಕೂತ ಮಣೆಯ ಅಡಿಗೆ ತುರುಕಿದಳು. ಹಗ್ಗ ಕಟ್ಟಿದ ಹೊಸ ಕಟ್ಟು ಬಿಚ್ಚಿ ಮೇಲಿನ ಹಾಳೆ ಎಳೆದವಳು, ಅದನ್ನು ಅವನ ಮುಂದೆ ಹಿಡಿದಳು.

ತೋಯಾಂಗ್: ಇರೋದೆಲ್ಲ ಈ ವಾರದ್ದೇ. ಉಪಮೇಯರ್ ಹುಟ್ಟುಹಬ್ಬದ ವಿಶೇಷ ಸಂಚಿಕೆ. ಪುಟದ ತುಂಬ ಅವರ ಮೋರೆ. ಇದರಲ್ಲಿ ಕಟ್ಲಾ?

ಹೆರ್ಮೊ ಪುರಸಭೆಯ ಕಡೆ ನೋಡಿದ. ಮಾರುಕಟ್ಟೆಯ ಕಡೆ ನೋಡಿದ. ಹೆಂಡತಿಯನ್ನು ನೆನೆದ.

ಹೆರ್ಮೊ: ಕಟ್ಟಿ. ಮೋರೆ ಮೀನಿನ ಕಡೆ ಇರ್ಲಿ, ದಾರೀಲಿ ಯಾರಿಗೂ ಕಾಣೋದು ಬೇಡ.